ನೀರು ಬಂತು ಎಂದು ಕೂಗುತ್ತಿದ್ದ ದನಿ

ಕಾಯಿಲೆ ಬೀಳುವ ಮುಂಚೆ ನನ್ನ ಗಂಟಲು ನಮ್ಮ ಬಿಲ್ಡಿಂಗಿನ ಆಸ್ತಿಯಾಗಿತ್ತು. ಇದು ನನ್ನ ಜಂಬದ ಮಾತಲ್ಲ, ಎಲ್ಲರೂ ಒಪ್ಪಿದ್ದು. ಭದ್ರಾವತಿಯ ಅಂಚಿನಲ್ಲಿ ಸರ್ಕಾರದವರು ಕಟ್ಟಿಸಿಕೊಟ್ಟ ನಾಲ್ಕು ಅಂತಸ್ತಿನ ಮನೆಗಳವು. ತೀರಾ ಮೇಲಿನ ಮಹಡಿಯಲ್ಲಿ ನಾವಿದ್ದೇವೆ. ಕುಡಿಯುವ ನೀರು ಬರುವುದು ಮಾತ್ರ ಕೆಳಗಿನ ಒಂದೇ ನಲ್ಲಿಗೆ, ಅದೂ ಅದಕ್ಕೆ ಮನಸ್ಸು ಬಂದಾಗ. ನಮ್ಮ ಅಡುಗೆಮನೆಯ ಕಿಟಕಿಯಿಂದ ರಸ್ತೆಯ ಮೂಲೆಯ ವಾಲ್ವ್ ಕಾಣುತ್ತದೆ. ನೀರುಗಂಟಿ ತನ್ನ ಟಿವಿಎಸ್ ನಿಲ್ಲಿಸಿ ವಾಲ್ವಿಗೆ ಕೈ ಹಾಕಿದ್ದು ಕಂಡರೆ ಸಾಕು, ನಾನು ಮೆಟ್ಟಿಲ ಬಾಯಿಗೆ ಬಂದು "ನೀರು ಬಂತೂ!" ಎಂದು ಕೂಗುತ್ತಿದ್ದೆ. ಮಲಗಿದ್ದವರು ಏಳುತ್ತಿದ್ದರು, ಜಗಳವಾಡುತ್ತಿದ್ದವರು ನಿಲ್ಲಿಸುತ್ತಿದ್ದರು, ಎಲ್ಲ ಬಾಗಿಲುಗಳಿಂದಲೂ ಕೊಡಗಳು ಹೊರಬರುತ್ತಿದ್ದವು. "ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಅನ್ನೋದು ನಿನ್ನ ನೋಡಿಯೇ ಹುಟ್ಟಿದ ಗಾದೆ" ಎಂದು ನನ್ನ ಗಂಡ ರುದ್ರೇಶ್ ರೇಗಿಸುತ್ತಿದ್ದರು.

ಆ ದನಿಯನ್ನು ಹೊಗೆ ನುಂಗಿತು. ಅದು ಎಷ್ಟರ ಮಟ್ಟಿಗೆ ವಾಪಸ್ಸು ಬಂತು, ಯಾರ ಕೈಯಿಂದ ಬಂತು ಎನ್ನುವುದನ್ನು ಹೇಳಲು ಕುಳಿತಿದ್ದೇನೆ. ಈಗ ಎಲ್ಲೋ ಒಂದು ವಾರ್ಡಿನಲ್ಲಿ ಕುತ್ತಿಗೆಗೆ ಕೊಳವೆ ಹಾಕಿಸಿಕೊಂಡು, ಮೇಲಿನ ಫ್ಯಾನು ನೋಡುತ್ತಾ ಮಲಗಿರುವವರಿಗೆ ಯಾರಾದರೂ ಇದನ್ನು ಓದಿ ಹೇಳಲಿ ಎಂದು ಆಸೆ.

ಬೆಂಕಿ ಹತ್ತಿದ್ದು ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡಿನಲ್ಲಿ. ಅಲ್ಲೇ ಪಕ್ಕದಲ್ಲಿ ಹಿಂದಿನ ವರ್ಷದ ಗಣಪತಿ ಮಂಟಪದ ಸಾಮಾನು ಒಟ್ಟಿದ್ದೆವು. ಥರ್ಮೋಕೋಲಿನ ಕಂಬಗಳು, ಜರಿಯ ಬಟ್ಟೆ, ಬಣ್ಣದ ಕಾಗದ. ದೇವರ ಸಾಮಾನು, ಎಸೆಯಬಾರದು. ಮನೆಯೊಳಗೆ ಇಟ್ಟುಕೊಳ್ಳಲು ಯಾರಿಗೂ ಜಾಗವಿಲ್ಲ. ದೇವರ ಹೆಸರು ಹೇಳಿದ ಮೇಲೆ ಅದನ್ನು ಅಲ್ಲಿಂದ ತೆಗೆಯಿರಿ ಎನ್ನುವ ಧೈರ್ಯ ಯಾರಿಗಿದ್ದೀತು? ಪ್ರತಿ ಮಹಡಿಯಲ್ಲೂ ಬೆಂಕಿ ಆರಿಸುವ ಪೈಪಿನ ಕೆಂಪು ಪೆಟ್ಟಿಗೆ ಇದೆ. ಪೆಟ್ಟಿಗೆ ಮಾತ್ರ ಇದೆ. ನಾವು ಬಂದಾಗಿನಿಂದ ಅದರೊಳಗೆ ಪೈಪು ಕಂಡವರಿಲ್ಲ. ನಮ್ಮ ಮಹಡಿಯದರಲ್ಲಿ ಹಾಲಿನವನು ಪ್ಯಾಕೆಟ್ ಇಟ್ಟು ಹೋಗುತ್ತಿದ್ದ, ಬೆಕ್ಕಿನ ಕಾಟ ತಪ್ಪಿತೆಂದು ನಮಗೆಲ್ಲ ಸಂತೋಷ.

ಇನ್ನು ತಾರಸಿಯ ಬಾಗಿಲು. ಬೇಸಿಗೆಯಲ್ಲಿ ಅಲ್ಲಿ ಒಣಗಿಸಿದ ಹಪ್ಪಳ, ಸಂಡಿಗೆ ಕಡಿಮೆಯಾಗುತ್ತಿವೆ ಎಂದು ದೊಡ್ಡ ರಂಪವಾಗಿತ್ತು. ನೀನು ಕದ್ದೆ, ನಿನ್ನ ಮಕ್ಕಳು ತಿಂದರು ಎಂದು ಹೆಂಗಸರು ಎರಡು ಪಕ್ಷವಾದರು. ಕೊನೆಗೆ ಬಾಗಿಲಿಗೆ ಬೀಗ ಹಾಕುವುದೆಂದಾಯಿತು. ಕೀಲಿ ಯಾರ ಹತ್ತಿರ? ಈ ಪಕ್ಷದವರ ಮೇಲೆ ಆ ಪಕ್ಷದವರಿಗೆ ನಂಬಿಕೆಯಿಲ್ಲ. ಎಲ್ಲರೂ ಒಪ್ಪಿದ್ದು ಒಂದೇ ಹೆಸರನ್ನು, ಮೆಹರುನ್ನೀಸಾ ಆಪಾ. ಆಪಾ ನಮ್ಮ ಎದುರು ಮನೆಯವರು, ಗಂಡ ಲಾರಿ ಮೆಕ್ಯಾನಿಕ್. ಮೇಲಿನ ಮಹಡಿಯಲ್ಲಿ ನಮ್ಮದು, ಅವರದು ಎರಡೇ ಮನೆ. ಆಪಾ ಬೇಡವೆಂದರೂ ಕೇಳದೆ ಕೀಲಿಯನ್ನು ಅವರ ಸೊಂಟದ ಗೊಂಚಲಿಗೆ ಸೇರಿಸಿದೆವು.

ಆ ದಿನ ಆಪಾ ಮನೆಮಂದಿಯೊಂದಿಗೆ ಹೊಳಲೂರಿಗೆ ಹೋಗಿದ್ದರು, ಅಣ್ಣನ ಮಗಳ ನಿಕಾಹ್. ಕೀಲಿಗೊಂಚಲೂ ಸೊಂಟದಲ್ಲೇ ಹೋಯಿತು. ರುದ್ರೇಶ್ ಗೂಡ್ಸ್ ಆಟೋದಲ್ಲಿ ಸಿಮೆಂಟು ತುಂಬಿಕೊಂಡು ಆಯನೂರಿಗೆ ಹೋಗಿದ್ದರು. ನಾನು ಸಾರಿಗೆ ಒಗ್ಗರಣೆ ಹಾಕಿ ಮುಗಿಸಿದ್ದೆ. ಒಗ್ಗರಣೆಯದಲ್ಲದ ಒಂದು ವಾಸನೆ ಬಂತು. ಬಾಗಿಲು ತೆಗೆದರೆ ಮೆಟ್ಟಿಲ ಸಂದಿಯಿಂದ ಕಪ್ಪು ಹೊಗೆ ಏರುತ್ತಿದೆ.

ನಾನು ಮೆಟ್ಟಿಲಿಳಿಯುತ್ತಾ "ಬೆಂಕಿ ಬಿತ್ತು, ಹೊರಗೆ ಬನ್ನಿ" ಎಂದು ಜೀವ ಹೋಗುವಂತೆ ಕೂಗಿದೆ. ಬಾಗಿಲುಗಳೇನೋ ತೆರೆದವು. ಆದರೆ ಜನ ಹೊರಬಂದದ್ದು ಖಾಲಿ ಕೊಡ ಹಿಡಿದುಕೊಂಡು! ನನ್ನ ದನಿ ಕೇಳಿದರೆ ಕೈ ತಾನಾಗಿ ಕೊಡದ ಕಡೆಗೆ ಹೋಗುವುದು ಅವರಿಗೆ ಅಷ್ಟು ರೂಢಿಯಾಗಿತ್ತು, ನಾನು ಏನು ಹೇಳುತ್ತಿದ್ದೇನೆಂದು ಯಾರೂ ಕಾದು ಕೇಳಲಿಲ್ಲ. ಹೊಗೆ ನೋಡಿದ ಮೇಲೆ ಕೆಳಗಿನ ಎರಡು ಅಂತಸ್ತಿನವರು ಕೊಡದ ಸಮೇತ ಹೊರಗೋಡಿದರು. ಅವರ ಮೇಲಿನವರು ಒಳಗೆ ಹೋಗಿ, ಬಾಗಿಲು ಹಾಕಿಕೊಂಡು ಬಾಲ್ಕನಿಯಲ್ಲಿ ನಿಂತರು. ಮೊದಲ ಮಹಡಿಯ ಸೆಲ್ವಿಯ ಗಂಡ ಕಾರ್ಖಾನೆಯಲ್ಲಿ ದುಡಿದವನು. ಜನ ನೀರು ಸುರಿಯಲು ಹೊರಟಾಗ ಅವಳು ಅಡ್ಡ ನಿಂತು, "ಅಯ್ಯೋ, ಕರೆಂಟ್ ಮೇಲೆ ನೀರಾ? ಮರಳು ತಗೊಂಡು ಬನ್ನಿ" ಎಂದು ಕಿರುಚಿದಳಂತೆ. ಪಕ್ಕದಲ್ಲಿ ಮನೆ ಕಟ್ಟಲು ಸುರಿದಿದ್ದ ಮರಳನ್ನು ಅವೇ ಕೊಡಗಳಲ್ಲಿ ತುಂಬಿ ತಂದರು. ಇದನ್ನೆಲ್ಲ ನಾನು ಆಮೇಲೆ ಕೇಳಿದ್ದು. ಕೇಳಿದಾಗ ನಮ್ಮ ಜನದ ಮೇಲೆ ಎಷ್ಟು ಪ್ರೀತಿ ಬಂತೆಂದರೆ ಹೇಳಲಾರೆ.

ನನಗೆ ಕೆಳಗಿಳಿಯಲು ದಾರಿ ಉಳಿಯಲಿಲ್ಲ. ಕಣ್ಣು ಕಾಣದೆ, ಕಂಬಿ ಹಿಡಿದು ವಾಪಸ್ಸು ಹತ್ತಿದೆ. ನಮ್ಮ ಮನೆಯ ಬಾಗಿಲು ಎಳೆದುಕೊಂಡರೆ ತಾನೇ ಬೀಗ ಬೀಳುವಂಥದ್ದು, ಬಿದ್ದಿತ್ತು. ಆಪಾರ ಮನೆಗೂ ಬೀಗ. ಉಳಿದದ್ದು ತಾರಸಿ. ಅಲ್ಲಿ ಬೀಗವಿದೆ ಎಂದು ಗೊತ್ತಿದ್ದೂ ಹೋದೆ. ಹೊಗೆಯೆಲ್ಲ ಅಲ್ಲೇ ಹೋಗಿ ಕೂತಿತ್ತು, ಕಬ್ಬಿಣದ ಬಾಗಿಲು ರೊಟ್ಟಿ ಬೇಯಿಸುವ ಹೆಂಚಿನಂತೆ ಕಾದಿತ್ತು. ಎರಡೂ ಅಂಗೈಯಿಂದ ಬಡಿದೆ. ಬಡಿಯುತ್ತಾ ಕೂಗಿದೆ, ಕೂಗಿದಷ್ಟೂ ಹೊಗೆ ಒಳಗಿಳಿಯಿತು. ಅಗ್ನಿಶಾಮಕದವರು ಮುಖಕ್ಕೆ ಮುಸುಕು ಹಾಕಿಕೊಂಡು ಬಂದು ನನ್ನನ್ನು ಎತ್ತಿಕೊಂಡು ಹೋದದ್ದು ನನಗೆ ನೆನಪಿಲ್ಲ. ಅವರ ಮುಖವನ್ನು ನಾನು ನೋಡಿಲ್ಲ. ಈಗಲೂ ರಸ್ತೆಯಲ್ಲಿ ಕೆಂಪು ಗಾಡಿ ಕಂಡರೆ ಕೈ ಮುಗಿಯುತ್ತೇನೆ, ಜೊತೆಗಿದ್ದವರಿಗೆ ನಾಚಿಕೆಯಾಗುತ್ತದೆ, ಆಗಲಿ.

ಎಚ್ಚರವಾದಾಗ ಶಿವಮೊಗ್ಗದ ದೊಡ್ಡಾಸ್ಪತ್ರೆಯಲ್ಲಿದ್ದೆ. ಬಾಯಲ್ಲಿ ಕೊಳವೆ. ಆಮೇಲೆ ಅದನ್ನು ತೆಗೆದು ಕುತ್ತಿಗೆಗೆ ತೂತು ಮಾಡಿ ಅಲ್ಲಿ ಇಟ್ಟರು. ಉಸಿರು ಮೂಗನ್ನು ಬಿಟ್ಟು ಕುತ್ತಿಗೆಯಿಂದಲೇ ಓಡಾಡತೊಡಗಿದರೆ ದನಿಗೆ ಕೆಲಸವಿಲ್ಲ. ಎರಡು ಕೈಗೂ ಬ್ಯಾಂಡೇಜು, ಬರೆದು ತೋರಿಸುವಂತೆಯೂ ಇಲ್ಲ. ಇಡೀ ಬಿಲ್ಡಿಂಗನ್ನು ಎಬ್ಬಿಸುತ್ತಿದ್ದ ಹೆಂಗಸು ಬೆನ್ನು ತುರಿಸುತ್ತಿದೆ ಎಂದು ಹೇಳಲಾರದೆ ಮಲಗಿದ್ದೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಸುಳ್ಳು ಹೇಳಲು ಬಾರದವಳು. ರುದ್ರೇಶ್ ಕೇಳಿದ್ದಕ್ಕೆ ನನ್ನ ಮುಂದೆಯೇ, "ಉಸಿರು ಸರಿಹೋಗುತ್ತೆ ಅಂತ ನಂಬಿಕೆ ಇದೆ. ದನಿ ಮಾತ್ರ ಈಗಲೇ ಹೇಳಕ್ಕಾಗಲ್ಲ. ಬರಬಹುದು, ಬರದೇನೂ ಇರಬಹುದು" ಎಂದಳು. ಸತ್ತು ಹೋಗುತ್ತೇನೆ ಎಂಬ ಭಯಕ್ಕಿಂತ ಆ ಮಾತಿನ ಭಯವೇ ನನಗೆ ದೊಡ್ಡದಾಗಿತ್ತು. ಕಣ್ಣೀರು ಕಿವಿಗಿಳಿಯುತ್ತಿತ್ತು, ಒರೆಸಿಕೊಳ್ಳಲು ಕೈಯಿಲ್ಲ.

ರುದ್ರೇಶ್ ಹೊರಗಿನ ಬೆಂಚಿನ ಮೇಲೆ ಕಾಲ ಕಳೆದರು. ಅಲ್ಲಿ ಕಾಯುತ್ತಿದ್ದ ಯಾರೋ ಒಬ್ಬ ಅಜ್ಜಿ ಅವರ ಕೈಗೆ ಅವಲಕ್ಕಿ ಡಬ್ಬಿ ಕೊಟ್ಟು, "ತಿನ್ನು ಮಾರಾಯ, ನೀನು ಬಿದ್ರೆ ಅವಳನ್ನ ನೋಡೋರು ಯಾರು?" ಎಂದು ಗದರಿದರಂತೆ. ಆ ಅಜ್ಜಿಯ ಕಡೆಯವರಿಗೆ ಏನಾಗಿತ್ತು ಎಂದು ಕೇಳುವುದನ್ನೇ ಮರೆತೆ ಎಂದು ಅವರು ಇವತ್ತಿಗೂ ಪೇಚಾಡುತ್ತಾರೆ.

ಆಪಾ ಹೊಳಲೂರಿನಿಂದ ಮದುವೆಯ ಬಟ್ಟೆಯಲ್ಲೇ ನೇರ ಆಸ್ಪತ್ರೆಗೆ ಬಂದವರು, ಆಮೇಲೆ ದಿನವೂ ಭದ್ರಾವತಿಯಿಂದ ಬಸ್ಸು ಹತ್ತಿ ಬಂದರು. ಕೂತ ತಕ್ಷಣ ಮಾತು ಶುರು. ಅದರಲ್ಲಿ ಅವರ ಪಾಲೂ ಅವರದೇ, ನನ್ನ ಪಾಲೂ ಅವರದೇ.

"ಇವತ್ತು ನೀರು ಬಂದಿದ್ದು ಯಾರಿಗೂ ಗೊತ್ತೇ ಆಗ್ಲಿಲ್ಲ ವಿಶಾಲಾ. ನಲ್ಲಿ ಒಂದೇ ಸುರ್ಕೊಂಡು ನಿಂತಿತ್ತು. ಈಗ ನೀನು ಕೇಳ್ತೀಯ, ಹಾಗಾದ್ರೆ ಕುಡಿಯಕ್ಕೆ ಏನ್ ಮಾಡಿದ್ರಿ ಅಂತ. ಸೆಲ್ವಿ ಮನೇಲಿ ಈಸ್ಕೊಂಡ್ವಿ. ಈಗ ನೀನು ಬೈತೀಯ, ನಾನೊಬ್ಬಳು ಇಲ್ದಿದ್ರೆ ನಿಮಗೆ ಒಂದು ಕೊಡ ನೀರು ಹಿಡಿಯೋ ಯೋಗ್ಯತೆ ಇಲ್ಲ ಅಂತ. ಹೌದಮ್ಮಾ, ಇಲ್ಲ. ಬಸ್, ಬೇಗ ಎದ್ದು ಬಾ."

ಹುಬ್ಬು ಏರಿಸಿದರೆ ಒಂದರ್ಥ, ಕಣ್ಣು ಮುಚ್ಚಿದರೆ ಇನ್ನೊಂದು. ಸಿಸ್ಟರಿಗೆ ನನಗೇನೋ ಬೇಕೆಂದು ಗೊತ್ತಾಗುವಷ್ಟರಲ್ಲಿ ಆಪಾ ಅದನ್ನು ಹೇಳಿ ಮುಗಿಸಿರುತ್ತಿದ್ದರು. ಗಂಜಿ ಕುಡಿಯಲು ಅಪ್ಪಣೆಯಾದಾಗ ಮಾಡಿ ತಂದವರೂ ಅವರೇ. ನಮ್ಮದು ಲಿಂಗ ಕಟ್ಟುವ ಮನೆ. ಆಪಾ ಡಬ್ಬಿ ತೆಗೆಯುತ್ತಾ, "ಪಾತ್ರೆ ಹೊಸದು, ಸೌಟು ಹೊಸದು. ಅಕ್ಕಿ ಮಾತ್ರ ಹಳೇದು, ಗಂಜಿಗೆ ಹಳೆ ಅಕ್ಕೀನೇ ಒಳ್ಳೇದು" ಎಂದರು. ನನ್ನನ್ನು ಕೇಳಿದ್ದರೆ ಹಳೆಯ ಪಾತ್ರೆಯಲ್ಲೇ ಮಾಡಿ ಎನ್ನುತ್ತಿದ್ದೆ. ಕೇಳಿದರೂ ಹೇಳಲು ದನಿ ಎಲ್ಲಿತ್ತು?

ರವೀಂದ್ರನಗರದಲ್ಲಿ ನನ್ನ ನಾದಿನಿ ನಾಗರತ್ನಳ ಮನೆ. ರುದ್ರೇಶರಿಗೆ ಸ್ನಾನ, ಊಟ, ನಿದ್ದೆ ಎಲ್ಲವನ್ನೂ ಅವಳೇ ನೋಡಿಕೊಂಡಳು. ಒಳ್ಳೆಯವಳು, ನಾಲಿಗೆ ಸ್ವಲ್ಪ ಹರಿತ. ಒಂದು ಮಧ್ಯಾಹ್ನ ಬಂದವಳು, ಆಪಾ ನನ್ನ ತಲೆ ಬಾಚುತ್ತಿದ್ದುದನ್ನು ನೋಡಿ ತಡೆದುಕೊಳ್ಳಲಾರದೆ ಹೋದಳು.

"ತಾರಸಿ ಕೀಲಿ ಸೊಂಟಕ್ಕೆ ಸಿಕ್ಕಿಸ್ಕೊಂಡು ಮದುವೆಗೆ ಹೋದ್ರಿ. ಈಗ ಬಂದು ತಲೆ ಬಾಚ್ತಾ ಕೂತ್ರೆ ಆಯ್ತಾ? ನಿಮ್ಮ ಬಿಲ್ಡಿಂಗಲ್ಲೂ ಎಲ್ಲರ ಬಾಯಲ್ಲಿ ಇದೇ ಮಾತು, ನಿಮಗೂ ಗೊತ್ತಿರುತ್ತೆ."

ಆಪಾರ ಕೈ ನನ್ನ ತಲೆಯ ಮೇಲೆ ನಿಂತಿತು. ನಾನು ಹುಬ್ಬು ಏರಿಸಿದೆ, ಇಳಿಸಿದೆ, ತಲೆ ಆಡಿಸಿದೆ. ಬೀಗ ಹಾಕಿಸಿದವರು ನಾವೆಲ್ಲ, ಕೀಲಿಯನ್ನು ಅವರು ಬೇಡವೆಂದರೂ ಕಟ್ಟಿದವರು ನಾವು, ಹೇಳಿ ಆಪಾ, ನನ್ನ ಪಾಲಿನದನ್ನು ಹೇಳಿ. ಅವರು ಓದಲಾರದ ಬರಹವೇನಾಗಿರಲಿಲ್ಲ ನನ್ನ ಮುಖ. ಆದರೆ ಆ ಒಂದು ಸಲ ಆಪಾ ನನ್ನ ಪಾಲಿನ ಮಾತನ್ನು ಆಡಲಿಲ್ಲ. ಆಡಿದ್ದರೆ ಅದು ತಮ್ಮ ಪರವಾಗಿ ತಾವೇ ಆಡಿದಂತಾಗುತ್ತಿತ್ತು. ಬಾಚಣಿಗೆಯನ್ನು ಒರೆಸಿ ದಿಂಬಿನ ಕೆಳಗಿಟ್ಟು, "ಬರ್ತೀನಿ ವಿಶಾಲಾ" ಎಂದು ಎದ್ದು ಹೋದರು. ನನ್ನ ಎದೆ ಹಾರಿದ್ದಕ್ಕೆ ಪಕ್ಕದ ಯಂತ್ರ ಕೂಗಿಕೊಂಡಿತು, ಸಿಸ್ಟರು ಬಂದು ನಾಗರತ್ನಳನ್ನೂ ಹೊರಗೆ ಕಳಿಸಿದಳು. ಆ ಯಂತ್ರಕ್ಕಿದ್ದ ದನಿಯೂ ನನಗಿಲ್ಲವಲ್ಲ ಎಂದು ಅಳು ಬಂತು.

ಮರುದಿನ ಆಪಾ ಬರಲಾರರು ಎಂದುಕೊಂಡಿದ್ದೆ. ನಾನಾಗಿದ್ದರೆ ಬರುತ್ತಿರಲಿಲ್ಲ, ನನಗೆ ರೋಷ ಜಾಸ್ತಿ. ಬಸ್ಸಿನ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ಅದೇ ಗಂಜಿ ಡಬ್ಬಿ ಕಾಣಿಸಿತು. "ಏನು ಹಾಗೆ ನೋಡ್ತೀಯ? ಕೀಲಿ ನನ್ನ ಹತ್ರಾನೇ ಇತ್ತಲ್ಲ, ಅವಳು ಹೇಳಿದ್ದು ಸುಳ್ಳಲ್ಲ. ಬಾಯಿ ತೆಗಿ" ಎಂದು ಚಮಚ ಹಿಡಿದರು. ಬೇರೆಯವರು ಹೊರಿಸಿದ ತಪ್ಪನ್ನು ಹೊತ್ತುಕೊಂಡೇ ಬಸ್ಸಿನಲ್ಲಿ ನಿಂತು ಬಂದು, ಅದರ ಬಗ್ಗೆ ಮುಖ ಸಣ್ಣ ಮಾಡದೆ ಗಂಜಿ ಕುಡಿಸುವವರನ್ನು ನಾನು ನನ್ನ ಜೀವಮಾನದಲ್ಲಿ ನೋಡಿರಲಿಲ್ಲ. ದೇವರು ಹೀಗೂ ಬರುತ್ತಾನೆ ಎಂದು ಅವತ್ತು ಅನ್ನಿಸಿತು, ಅನ್ನಿಸಿದ್ದನ್ನು ಈಗ ಬರೆಯುತ್ತಿದ್ದೇನೆ.

ಉಸಿರಿಗೆ ಮೂರು ಚೆಂಡಿನ ಒಂದು ಆಟಿಕೆ ಕೊಟ್ಟಿದ್ದರು. ಕೊಳವೆಯಲ್ಲಿ ಎಳೆದರೆ ಚೆಂಡು ಮೇಲೇಳಬೇಕು. ನನಗೆ ಅದು ಬಹಳ ದಿನ ಮಿಸುಕಲಿಲ್ಲ. ಒಂದು ಎದ್ದ ದಿನ ಅಕ್ಕಪಕ್ಕದ ಮಂಚದವರೆಲ್ಲ ಚಪ್ಪಾಳೆ ತಟ್ಟಿದರು. ಆ ಮೇಲೊಂದು ಬೆಳಿಗ್ಗೆ ಡಾಕ್ಟರು, "ಇವತ್ತು ದನಿ ನೋಡೋಣ" ಎಂದಳು. ಉಸಿರು ಬಿಡುವಾಗ ಕುತ್ತಿಗೆಯ ಕೊಳವೆಯ ಬಾಯನ್ನು ಬೆರಳಿನಿಂದ ಮುಚ್ಚಿದರೆ ಗಾಳಿ ಗಂಟಲಿಗೆ ಏರುತ್ತದೆ, ದನಿ ಇದ್ದರೆ ಆಗ ಬರುತ್ತದೆ. ನನ್ನ ಕೈಗಳಲ್ಲಿ ಇನ್ನೂ ಬ್ಯಾಂಡೇಜು. ಮನೆಯವರು ಯಾರಾದರೂ ಕಲಿತುಕೊಳ್ಳಲಿ ಎಂದರು. ರುದ್ರೇಶ್ ಕೈಗವಸು ಹಾಕಿಕೊಂಡು ಬಂದರು, ಕೊಳವೆಯವರೆಗೆ ಬೆರಳು ತಂದು ಹಿಂದೆ ಸರಿದರು. ಸಿಮೆಂಟು ಮೂಟೆ ಎತ್ತುವ ಗಂಡಸು ಗೋಡೆಯ ಕಡೆ ತಿರುಗಿ ನಿಂತುಬಿಟ್ಟರು.

"ನಾನು ಮುಚ್ಲಾ?" ಎಂದರು ಆಪಾ.

ಕೈ ತೊಳೆದು, ಕೈಗವಸು ತೊಟ್ಟು, ಬಿಸ್ಮಿಲ್ಲಾ ಎಂದುಕೊಂಡು ನನ್ನ ಕುತ್ತಿಗೆಯ ಮೇಲೆ ಬೆರಳಿಟ್ಟರು. ಡಾಕ್ಟರು "ಅಮ್ಮ ಅನ್ನಿ" ಎಂದಳು. ಮೊದಲು ಬಂದದ್ದು ಗಾಳಿ. ಎರಡನೆಯ ಸಲವೂ ಗಾಳಿಯೇ. ನಾನು ಕಣ್ಣು ಮುಚ್ಚಿ ಬೇಡ ಎಂದೆ. "ಬೇಡ ಅಂತಿದ್ದಾಳೆ. ನಾನು ಬೇಕು ಅಂತಿದ್ದೀನಿ" ಎಂದು ಆಪಾ ಡಾಕ್ಟರಿಗೆ ಹೇಳಿ, ಬೆರಳು ತೆಗೆಯದೆ ಕಾದರು. ಆಗ ತಳದಲ್ಲೆಲ್ಲೋ ತುಕ್ಕು ಹಿಡಿದ ಬಾಗಿಲು ಸರಿದಂತೆ ಸದ್ದಾಯಿತು. ಅಮ್ಮ ಎನ್ನಲು ಹೊರಟಿದ್ದೆ. "ಆಪಾ" ಎಂದು ಬಂತು.

ಆಪಾ ಬೆರಳನ್ನು ಅಲ್ಲೇ ಹಿಡಿದುಕೊಂಡು ಅತ್ತರು, ಒರೆಸಿಕೊಳ್ಳಲು ಕೈ ತೆಗೆಯಲಿಲ್ಲ. "ಗಂಡನ ಹೆಸರು ಉದ್ದ ಆಯ್ತು ನೋಡಿ ಡಾಕ್ಟ್ರೇ" ಎಂದು ರುದ್ರೇಶ್ ಗೋಡೆಯ ಕಡೆಯಿಂದಲೇ ಮೂಗು ಸೀಟುತ್ತಾ ಹೇಳಿದರು. ಡಾಕ್ಟರಿಗೂ ನಗು.

ಮನೆಗೆ ಬಂದಾಗ ಕುತ್ತಿಗೆಯ ತೂತು ಮುಚ್ಚಿತ್ತು, ಕಲೆ ಉಳಿದಿತ್ತು. ದನಿ ಮಾತ್ರ ಎದುರಿಗೆ ಕೂತವರಿಗೆ ಕೇಳುವಷ್ಟು. ಇನ್ನು ಇದಕ್ಕಿಂತ ಬಹಳವೇನೂ ಏರಲಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದಳು. ಮಹಡಿ ಹತ್ತಲು ಪ್ರತಿ ತಿರುವಿನಲ್ಲೂ ಒಂದು ಕುರ್ಚಿ ಇಟ್ಟಿದ್ದರು. ಮೆಟ್ಟಿಲ ಗೋಡೆ ಇನ್ನೂ ಕಪ್ಪಾಗಿತ್ತು. ಎರಡನೆಯ ತಿರುವಿನಲ್ಲಿ ನನಗೆ ಉಸಿರು ಕಟ್ಟಿದ್ದು ಕಾಯಿಲೆಯಿಂದಲೋ ಹೆದರಿಕೆಯಿಂದಲೋ ಗೊತ್ತಿಲ್ಲ. ಕುರ್ಚಿಯಲ್ಲಿ ಕೂತು ಅತ್ತು, ಮತ್ತೆ ಹತ್ತಿದೆ.

ನಾನು ಬಂದ ವಾರವೇ ಕೆಳಗೆ ಎಲ್ಲರೂ ಸಭೆ ಸೇರಿದರು. ಬೆಂಕಿ ಬಿದ್ದಾಗ ಬಾವಿ ತೋಡುವುದು ನಮ್ಮ ಜನದ ರೂಢಿ, ಬೆಂಕಿ ಆರಿದ ಮೇಲಾದರೂ ತೋಡುತ್ತಿದ್ದಾರಲ್ಲ ಎಂದು ನಾನೂ ಹೋದೆ. ಗಣಪತಿ ಸಾಮಾನನ್ನು ಮೆಟ್ಟಿಲ ಕೆಳಗೆ ಇಡುವುದಿಲ್ಲ ಎಂದಾಯಿತು. ಮೀಟರ್ ಬೋರ್ಡು, ಕೆಂಪು ಪೆಟ್ಟಿಗೆಯ ಪೈಪು ಇವಕ್ಕಾಗಿ ಎಲ್ಲರೂ ಸೇರಿ ಮನೆ ಕಟ್ಟಿಸಿಕೊಟ್ಟ ಇಲಾಖೆಯ ಕಚೇರಿಗೆ ಹೋಗುವುದೆಂದಾಯಿತು. ಆಮೇಲೆ ತಾರಸಿಯ ಮಾತು ಬಂತು. ನಮ್ಮ ಬಿಲ್ಡಿಂಗಿನ ಸಂಘದ ಅಧ್ಯಕ್ಷರು ಹೊಸ ಬೀಗ ತಂದಿದ್ದರು. "ಈ ಸಲ ಕೀಲೀನ ಜವಾಬ್ದಾರಿ ಇರೋರ ಕೈಗೆ ಕೊಡೋಣ" ಎಂದರು. ಹೆಸರು ಹೇಳಲಿಲ್ಲ. ಯಾರೂ ಆಪಾರ ಕಡೆ ನೋಡಲಿಲ್ಲ, ನೋಡದೆ ಇದ್ದ ರೀತಿಯಲ್ಲೇ ಎಲ್ಲ ಇತ್ತು. ಆಪಾ ಹಿಂದೆ ಗೋಡೆಗೊರಗಿ ಸೆರಗು ಸರಿಮಾಡಿಕೊಳ್ಳುತ್ತಿದ್ದರು.

ನಾನು ಎದ್ದು ನಿಂತು ಮಾತಾಡಿದೆ. ಯಾರಿಗೂ ಕೇಳಲಿಲ್ಲ. ಮತ್ತೆ ಹೇಳಿದೆ. ಪಕ್ಕದಲ್ಲಿದ್ದ ಸೆಲ್ವಿ, "ಎಲ್ಲಾರೂ ಸುಮ್ನಿರಿ, ಅಕ್ಕ ಮಾತಾಡುತ್ತೆ!" ಎಂದು ಅಬ್ಬರಿಸಿದಳು. ಮಕ್ಕಳನ್ನು ಸುಮ್ಮನಾಗಿಸಿದರು, ಯಾರೋ ಟಿವಿ ಆರಿಸಿದರು. ನನ್ನ ದನಿಯಿಂದ ತಪ್ಪಿಸಿಕೊಳ್ಳಲಾಗದೆ ಕಿವಿ ಮುಚ್ಚಿಕೊಳ್ಳುತ್ತಿದ್ದ ಜನ ಅದನ್ನು ಕೇಳಿಸಿಕೊಳ್ಳಲು ಹತ್ತಿರ ಹತ್ತಿರ ಬಂದು ಕುಳಿತರು.

"ಬೀಗ ಬೇಡ" ಎಂದೆ. ಉಸಿರೆಳೆದುಕೊಂಡೆ. "ಬೀಗ ಹಾಕ್ಸಿದ್ದು ನಮ್ಮ ಹಪ್ಪಳ. ನಮಗೆ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇರ್ಲಿಲ್ಲ. ಎಲ್ಲಾರೂ ನಂಬಿದ್ದು ಆಪಾ ಒಬ್ಬರನ್ನೇ, ಅದಕ್ಕೇ ಬೇಡಬೇಡ ಅಂದ್ರೂ ಅವರ ಸೊಂಟಕ್ಕೆ ಕಟ್ಟಿದ್ವಿ. ನಂಬಿದ್ದಕ್ಕೆ ಈಗ ಅವರನ್ನೇ ಬೈಯೋದಾ?"

ಇಷ್ಟು ಹೇಳುವಷ್ಟರಲ್ಲಿ ಮೂರು ಸಲ ನಿಂತು ಕೆಮ್ಮಿದೆ. ಯಾರೂ ನಡುವೆ ಬಾಯಿ ಹಾಕಲಿಲ್ಲ. ಅಧ್ಯಕ್ಷರು ಬೀಗವನ್ನು ಜೇಬಿಗೆ ಹಾಕಿಕೊಂಡರು. ಹಪ್ಪಳದ ಎರಡೂ ಪಕ್ಷದ ಹೆಂಗಸರು ಒಟ್ಟಿಗೇ ಹೋಗಿ ಆಪಾರ ಪಕ್ಕ ಕುಳಿತರು. ರುದ್ರೇಶರ ಜೊತೆ ಬಂದಿದ್ದ ನಾಗರತ್ನ ಆಪಾರ ಕೈಗೆ ಟೀ ಲೋಟ ಕೊಟ್ಟಳು. ಅವಳ ಸ್ವಭಾವಕ್ಕೆ ಅದು ದೊಡ್ಡದೇ.

ತಾರಸಿಯ ಬಾಗಿಲಿಗೆ ಈಗ ಒಂದು ಚಿಲಕ, ಮಕ್ಕಳೂ ತೆಗೆಯುವಂಥದ್ದು. ಹಪ್ಪಳ ಈಗಲೂ ಕಡಿಮೆಯಾಗುತ್ತವೆ. ಕಾಗೆ ತಿಂದಿತು ಎಂದುಕೊಳ್ಳುತ್ತೇವೆ.

ಮೊನ್ನೆ ಬೆಳಿಗ್ಗೆ ಅಡುಗೆಮನೆಯಲ್ಲಿದ್ದೆ. ಮೂಲೆಯಲ್ಲಿ ನೀರುಗಂಟಿಯ ಟಿವಿಎಸ್ ನಿಂತಿತು. ಇಷ್ಟು ದಿನ ಅದನ್ನು ಕಂಡರೆ ಸುಮ್ಮನೆ ಒಳಗೆ ತಿರುಗುತ್ತಿದ್ದೆ, ಸಂಕಟವಾಗುತ್ತಿತ್ತು. ಅವತ್ತು ಕಾಲು ತಾನಾಗಿ ಮೆಟ್ಟಿಲ ಬಾಯಿಗೆ ಹೋಯಿತು. ಕಂಬಿ ಹಿಡಿದುಕೊಂಡು, ಎದೆ ತುಂಬ ಉಸಿರೆಳೆದುಕೊಂಡು, "ನೀರು ಬಂತು" ಎಂದೆ. ಹಳೆಯ ದನಿಯ ಸಿಪ್ಪೆಯಷ್ಟೇ ಬಂತು. ಕೆಳಗಿನ ಮಹಡಿಗೂ ಮುಟ್ಟಿರಲಿಕ್ಕಿಲ್ಲ. ಮುಟ್ಟದಿದ್ದರೂ ಹೇಳಿದೆನಲ್ಲ ಎಂದು ನಿಂತಿದ್ದೆ.

ಎದುರು ಬಾಗಿಲು ತೆರೆಯಿತು. ಆಪಾ ಕೊಡ ಹಿಡಿದು ನಿಂತಿದ್ದರು. ನನ್ನ ಮುಖ ನೋಡಿದರು, ಕೊಡವನ್ನು ಕೆಳಗಿಟ್ಟರು, ನನ್ನ ಪಕ್ಕ ಬಂದು ಅದೇ ಕಂಬಿ ಹಿಡಿದು ಬಗ್ಗಿ, ಸತ್ತವರೂ ಏಳುವಂತೆ ಕೂಗಿದರು.

"ವಿಶಾಲಾ ಹೇಳ್ತಾ ಇದ್ದಾಳೆ ಕೇಳ್ರೀ, ನೀರು ಬಂತೂ!"

ಕೆಳಗೆ ಒಂದೊಂದೇ ಬಾಗಿಲು ತೆರೆಯತೊಡಗಿತು. ಕೊಡಗಳು ಮೆಟ್ಟಿಲಿಗೆ ತಾಗುವ ಸದ್ದು ಕೇಳಿಸಿತು. ನಾನೂ ಒಳಗೆ ಹೋಗಿ ನಮ್ಮ ಕೊಡ ತಂದೆ, ಇಬ್ಬರೂ ಇಳಿದೆವು.